ಪುಸ್ತಕ ನಮ್ಮದು, ಬೀಗ ಅವರದು

ಮೊನ್ನೆ ಗುರುವಾರ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದರೆ ಒಂದು ಮೇಲ್ ಬಂದು ಕೂತಿತ್ತು. "ನಿಮಗೊಂದು ಖುಷಿಯ ಸುದ್ದಿ" ಅಂತ ಶುರು. ಓದುತ್ತಿದ್ದ ಹಾಗೇ ಎದೆ ಧಸಕ್ಕೆಂದಿತು. ನಾನು ಮೂರು ವರ್ಷದಿಂದ ದುಡ್ಡು ಕಟ್ಟಿ ಬಳಸುತ್ತಿದ್ದ ಆಟದ ಮ್ಯಾಪ್ ಬರೆಯುವ ಸೈಟು ಅದು. ಚಿಕ್ಕದು, ಹೆಸರು ಬೇಡ. ಅದನ್ನು ಯಾವುದೋ ದೊಡ್ಡ ಕಂಪನಿ ಕೊಂಡುಕೊಂಡಿದೆಯಂತೆ. ಮೂವತ್ತು ದಿನಕ್ಕೆ ಹಳೇ ಸೈಟು ಬಂದ್. ಅಷ್ಟರೊಳಗೆ ನಿಮ್ಮ ಮ್ಯಾಪ್‌ಗಳನ್ನು ಇಳಿಸಿಕೊಳ್ಳಿ ಅಂತ ಕೊನೇ ಸಾಲಿನಲ್ಲಿ ಬರೆದಿದ್ದರು. ಇಳಿಸಿಕೊಂಡೆ. ಬಂದಿದ್ದು ಬರೀ ಫೋಟೋ.

ಫೋಟೋ ಆದರೆ ಏನಾಯ್ತು ಅಂತ ಕೇಳಬಹುದು. ಹೇಳುತ್ತೇನೆ. ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ, ಕಥೆ ಕಟ್ಟುತ್ತಾ ಆಡುವ ಆಟ ಆಡಿಸುವವನು. ನಮ್ಮದು ಐದು ಜನರ ಗುಂಪು. ಇಬ್ಬರು ಬೆಂಗಳೂರು, ಒಬ್ಬ ಮೈಸೂರು, ಒಬ್ಬ ಹುಬ್ಬಳ್ಳಿ, ಇನ್ನೊಬ್ಬಳು ಮದುವೆಯಾಗಿ ನ್ಯೂಜೆರ್ಸಿಗೆ ಹೋದ ಕಾಲೇಜಿನ ಗೆಳತಿ. ಹದಿನೈದು ದಿನಕ್ಕೊಮ್ಮೆ ಶನಿವಾರ ಸೇರುತ್ತೇವೆ, ನಮ್ಮ ರಾತ್ರಿ ಅವಳ ಬೆಳಗ್ಗೆ. ನಾನು ಮ್ಯಾಪಿನಲ್ಲಿ ಬರೆದ ಊರಲ್ಲಿ ಒಂದು ಕೆರೆ ಇದೆ. ಕೆರೆಗೆ ಏರಿ, ಏರಿಗೆ ತೂಬು, ತೂಬಿನ ಹಿಂದೆ ಒಂದು ಸುರಂಗ, ಆ ಸುರಂಗದಲ್ಲಿ ಎರಡು ಗುಪ್ತ ಬಾಗಿಲು. ಬಾಗಿಲುಗಳು ಬೇರೆ ಪದರದಲ್ಲಿರುತ್ತವೆ. ನನಗೆ ಮಾತ್ರ ಕಾಣಿಸುತ್ತವೆ, ಅವರು ಹುಡುಕಿ ತೆಗೆದ ಮೇಲೆ ಅವರಿಗೂ ಕಾಣಿಸುತ್ತವೆ. ಆಟದ ಜೀವವೇ ಅಲ್ಲಿದೆ. ಈಗ ಬಂದಿರುವ ಫೋಟೋದಲ್ಲಿ ಎಲ್ಲಾ ಪದರಗಳೂ ಒಂದಾಗಿ ಅಂಟಿಕೊಂಡಿವೆ. ಬಾಗಿಲು, ಬೋನು, ಬಾಗಿಲ ಹಿಂದೆ ಕಾದಿರುವ ಜೀವಿ, ಎಲ್ಲವೂ ಬಟಾಬಯಲು. ಅದನ್ನು ಯಾರ ಮುಂದೆ ಇಡಲಿ? ಒಟ್ಟು 41 ಮ್ಯಾಪ್ ಇವೆ. ಮೂರು ವರ್ಷದ ರಾತ್ರಿಗಳು ಅವು.

ಸಿಟ್ಟು ಬಂದಿದ್ದು ಈ ಒಂದು ಸೈಟಿನ ಮೇಲೆ ಮಾತ್ರ ಅಲ್ಲ. ಈ ಆಟದ ಲೋಕದಲ್ಲಿ ಇದೇ ಕಥೆ ಎಷ್ಟು ದೊಡ್ಡದಾಗಿ ನಡೆದಿದೆ ಅಂತ ನಮಗೆ ಗೊತ್ತು. ಡಿ ಅಂಡ್ ಡಿ ಬಿಯಾಂಡ್ ಅನ್ನುವ, ಇದೇ ಆಟದ ಸೈಟಿನ ಕಥೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ಅರ್ಥವಾಗುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಆಟ ಹುಟ್ಟಿದ್ದು 1974ರಲ್ಲಿ, ಅಮೆರಿಕದಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರ ಕೈಯಲ್ಲಿ. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಡಿಎಂ, ಅಂದರೆ ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ. ಇಪ್ಪತ್ತು ಮುಖದ ದಾಳ ಹಾಕಿ ಏನಾಗುತ್ತೆ ನೋಡುವುದು. ಈಗ ಆಟ ವಿಜರ್ಡ್ಸ್ ಆಫ್ ದಿ ಕೋಸ್ಟ್ ಅನ್ನುವ ಕಂಪನಿ ಕೈಯಲ್ಲಿದೆ, ಆ ವಿಜರ್ಡ್ಸ್ 1999ರಿಂದ ಆಟಿಕೆ ಕಂಪನಿ ಹ್ಯಾಸ್ಬ್ರೋ ಕೈಯಲ್ಲಿದೆ. ಆಟದಲ್ಲಿ ಲೆಕ್ಕ ಜಾಸ್ತಿ. ಲೆವೆಲ್ ಏರಿದರೆ ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಏಟು ತಾಳುತ್ತೆ ಅನ್ನುವ ಲೆಕ್ಕ, ಬದಲಾಗುತ್ತೆ, ಮಂತ್ರಗಳು ಬದಲಾಗುತ್ತವೆ, ದಾಳಕ್ಕೆ ಕೂಡಿಸುವ ಸಂಖ್ಯೆ ಬದಲಾಗುತ್ತೆ. ಕಾಗದದ ಮೇಲೆ ಆಡಿದವರ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆಯುವ ಹಾಳೆ, ಒಮ್ಮೆ ನೋಡಿ. ಹಿಟ್ ಪಾಯಿಂಟ್ ಬರೆಯುವ ಜಾಗದಲ್ಲಿ ರಬ್ಬರ್ ಉಜ್ಜಿ ಉಜ್ಜಿ ತೂತೇ ಬಿದ್ದಿರುತ್ತದೆ.

ಈ ಲೆಕ್ಕವನ್ನೆಲ್ಲ ಫೋನಿನಲ್ಲಿ ಮಾಡಿಕೊಡಲು 2017ರ ಆಗಸ್ಟ್‌ನಲ್ಲಿ ಬಂದಿದ್ದು ಡಿ ಅಂಡ್ ಡಿ ಬಿಯಾಂಡ್. ಇದನ್ನು ಮಾಡಿದ್ದು ಆಟದ ಕಂಪನಿ ಅಲ್ಲ, ಇದು ನೆನಪಿರಲಿ. ಕರ್ಸ್ ಅನ್ನುವ ಬೇರೆ ಕಂಪನಿ ಲೈಸೆನ್ಸ್ ಪಡೆದು ಮಾಡಿದ್ದು. ಆಗ ಕರ್ಸ್ ಆಟಗಳ ಲೈವ್ ವಿಡಿಯೋ ತೋರಿಸುವ ಟ್ವಿಚ್ ಕೆಳಗಿತ್ತು, ಟ್ವಿಚ್ ಅಮೆಜಾನ್‌ದು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೊದಲ ಸಲ ಆಡುವವರು ಹತ್ತು ನಿಮಿಷದಲ್ಲಿ ಪಾತ್ರ ಮಾಡಿಕೊಳ್ಳಬಹುದಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹಂಚಿಕೊಳ್ಳುವ ಏರ್ಪಾಡು. ಡಿಎಂ ಒಬ್ಬರು ಆಟದ ನಿಯಮಗಳ ಪುಸ್ತಕವನ್ನು ಅಲ್ಲಿ ಕೊಂಡು ತಿಂಗಳ ಚಂದಾ ಕಟ್ಟಿದರೆ ಅವರ ಗುಂಪಿನವರೆಲ್ಲ ಆ ಪುಸ್ತಕ ಓದಬಹುದು. ಒಬ್ಬರು ತಂದ ಪುಸ್ತಕ ಟೇಬಲ್ ಮೇಲಿಟ್ಟರೆ ಎಲ್ಲರೂ ಓದುವುದಿಲ್ವಾ, ಹಾಗೇ.

ಆದರೆ ಅವತ್ತಿಂದಲೇ ಒಂದು ಮುಳ್ಳು ಇತ್ತು. ಅಂಗಡಿಯಲ್ಲಿ ರಟ್ಟಿನ ಪುಸ್ತಕ ಕೊಂಡವರು ಅದೇ ಪುಸ್ತಕವನ್ನು ಇಲ್ಲಿ ಬಳಸಬೇಕಾದರೆ ಇನ್ನೊಂದು ಸಲ ದುಡ್ಡು ಕೊಡಬೇಕಿತ್ತು. ಕೇಳಿದರೆ ಕಾರಣ ಇತ್ತು. ಪುಸ್ತಕ ಮಾಡುವವರೇ ಬೇರೆ, ಆ್ಯಪ್ ಮಾಡುವವರೇ ಬೇರೆ, ನಾವೇನು ಮಾಡೋಣ ಅಂತ. ಸರಿ ಅಂದುಕೊಂಡು ಜನ ಎರಡೆರಡು ಸಲ ಕೊಟ್ಟರು.

2018ರ ಕೊನೆಗೆ ಫ್ಯಾಂಡಮ್ ಅನ್ನುವ ಕಂಪನಿ ಕರ್ಸ್‌ನ ಈ ಸೈಟುಗಳನ್ನೆಲ್ಲ ಕೊಂಡಿತು. ಆಮೇಲೆ 2022ರ ಏಪ್ರಿಲ್ 13ಕ್ಕೆ ಹ್ಯಾಸ್ಬ್ರೋ ಘೋಷಣೆ ಮಾಡಿತು, ಡಿ ಅಂಡ್ ಡಿ ಬಿಯಾಂಡ್ ಇನ್ನು ನಮ್ಮದು, 14.63 ಕೋಟಿ ಡಾಲರ್ ನಗದು. ಆಗಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಹತ್ತಿರ ಹತ್ತಿರ ಒಂದು ಕೋಟಿ ನೋಂದಾಯಿತ ಬಳಕೆದಾರರಿದ್ದಾರೆ ಅಂತಲೂ ಹೇಳಿದರು. ಐದೇ ವರ್ಷದಲ್ಲಿ ಮೂರನೇ ಧಣಿ.

ಆ ಒಂದು ಕೋಟಿ ಅನ್ನುವ ಸಂಖ್ಯೆ ನನಗೆ ಈಗಲೂ ಚುಚ್ಚುತ್ತದೆ. ಆಟದ ನಿಯಮ ಹೇಗೂ ವಿಜರ್ಡ್ಸ್‌ದೇ. ಕಾಗದದ ಪುಸ್ತಕವೂ ಅವರದೇ. ಹಾಗಾದರೆ 1,100 ಕೋಟಿ ಕೊಟ್ಟಿದ್ದು ಬರೀ ತಂತ್ರಾಂಶಕ್ಕಾ? ಅಲ್ಲಿ ಕೂತು ಪಾತ್ರ ಮಾಡಿದ ಜನರಿಗೆ, ಅವರು ಹೆಸರಿಟ್ಟು ಸಾಕಿದ ಆ ಪಾತ್ರಗಳಿಗೆ, ಡಿಎಂಗಳು ರಾತ್ರಿಯೆಲ್ಲ ಕೂತು ಟೈಪ್ ಮಾಡಿದ ಸ್ವಂತ ಮಂತ್ರಗಳಿಗೆ, ಒಮ್ಮೆ ಅಲ್ಲಿ ಇಪ್ಪತ್ತು ಪುಸ್ತಕ ಕೊಂಡವರು ಇನ್ನೆಲ್ಲಿಗೂ ಹೋಗಲಾರರು ಅನ್ನುವ ಆ ಧೈರ್ಯಕ್ಕೆ ಕೊಟ್ಟ ಬೆಲೆ ಅದು. ಬೆಲೆ ಬರುವ ಹಾಗೆ ಮಾಡಿದ್ದು ಜನ. ಮಾರುವಾಗ ಅವರನ್ನು ಒಂದು ಮಾತು ಕೇಳಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಆದರೂ ಅವತ್ತು ಒಂದು ಆಸೆ ಇತ್ತು. ನಮ್ಮ ಗುಂಪಿನಲ್ಲೂ ಇದೇ ಮಾತಾಡಿದೆವು. ಈಗ ಪುಸ್ತಕ ಮಾಡುವವರು, ಆ್ಯಪ್ ಮಾಡುವವರು ಒಂದೇ ಮನೆಯವರಾದರಲ್ಲ, ಇನ್ನು ಆ ಹಳೇ ಕಾರಣ ಹೇಳುವ ಹಾಗಿಲ್ಲ, ಪುಸ್ತಕ ಕೊಂಡವರಿಗೆ ಅದರ ಒಳಗೇ ಒಂದು ಕೋಡ್ ಇಟ್ಟು ಕೊಡುತ್ತಾರೆ ಅಂತ. ಕೊಟ್ಟಿದ್ದು ಏನು? ಎರಡನ್ನೂ ಒಟ್ಟಿಗೆ ಕೊಂಡರೆ ಬೆಲೆ ಸ್ವಲ್ಪ ಕಮ್ಮಿ, ಅಷ್ಟೇ. ಮೊದಲೇ ಕಾಗದದ ಪುಸ್ತಕ ಕೊಂಡು ಕಪಾಟು ತುಂಬಿಸಿದವರಿಗೆ ಏನೂ ಇಲ್ಲ.

ಘೋಷಣೆ ಆಗಿ ಒಂದೇ ತಿಂಗಳಿಗೆ, 2022ರ ಮೇನಲ್ಲಿ, ಮಾನ್‌ಸ್ಟರ್‌ಗಳ ಹೊಸ ಪುಸ್ತಕ ಬಂತು. ಅದು ಬಂದ ಕೂಡಲೇ ಎರಡು ಹಳೇ ಪುಸ್ತಕಗಳ ಮಾರಾಟ ಆ ಸೈಟಿನಲ್ಲಿ ನಿಂತಿತು. ಮೊದಲೇ ಕೊಂಡವರ ಹತ್ತಿರ ಉಳಿಯಿತು, ನಿಜ. ಆದರೆ ಆಮೇಲೆ ಬಂದವರಿಗೆ ಅಲ್ಲಿ ಆ ಬಾಗಿಲೇ ಇಲ್ಲ. ಕಾಗದದ ಪುಸ್ತಕ ಅಚ್ಚು ನಿಂತರೂ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲೋ, ಯಾರದೋ ಅಟ್ಟದ ಮೇಲೋ ಸಿಗುತ್ತದೆ. ನಾನು ಆಡಿ ಮುಗಿಸಿದ್ದನ್ನು ಅಕ್ಕನ ಮಗಳಿಗೆ ಕೊಡಬಹುದು. ಫೋನಿನೊಳಗಿನ ಪುಸ್ತಕಕ್ಕೆ ಸೆಕೆಂಡ್ ಹ್ಯಾಂಡ್ ಅಂಗಡಿ ಎಲ್ಲಿದೆ?

ಅದೇ ವರ್ಷ ಡಿಸೆಂಬರ್‌ನಲ್ಲಿ ವಿಜರ್ಡ್ಸ್‌ನ ಆಗಿನ ಮುಖ್ಯಸ್ಥೆ ಸಿಂಥಿಯಾ ವಿಲಿಯಮ್ಸ್ ಹೂಡಿಕೆದಾರರ ಮುಂದೆ ಮಾತಾಡಿದರು. ಈ ಆಟದಿಂದ ಬರಬೇಕಾದಷ್ಟು ದುಡ್ಡು ಇನ್ನೂ ಬರುತ್ತಿಲ್ಲ ಅನ್ನುವುದು ಅವರ ಮಾತಿನ ತಾತ್ಪರ್ಯ. ಆಡುವವರಲ್ಲಿ ಡಿಎಂಗಳು ಶೇ 20ರಷ್ಟು ಮಾತ್ರ, ಆದರೆ ದುಡ್ಡು ಕೊಡುವವರಲ್ಲಿ ಅವರದೇ ದೊಡ್ಡ ಪಾಲು ಅಂತಲೂ ಹೇಳಿದರು. ಹೌದು ಸ್ವಾಮಿ, ಕೊಡುತ್ತೇವೆ. ಯಾಕೆ ಕೊಡುತ್ತೇವೆ ಅಂದರೆ ಮೈಸೂರಿನ ಹುಡುಗನಿಗೆ ಈಗ ಕೆಲಸ ಇಲ್ಲ, ಅವನು ಪುಸ್ತಕ ಕೊಳ್ಳಲಾರ, ಆದರೂ ಅವನು ಆಡಬೇಕು. ಹಂಚಿಕೊಂಡು ತಿನ್ನುವುದನ್ನು ಲಾಭದ ತೂತು ಅಂತ ಲೆಕ್ಕ ಹಾಕುವವರಿಗೆ ಒಂದು ಟೇಬಲ್ ಸುತ್ತ ಜನ ಯಾಕೆ ಕೂರುತ್ತಾರೆ ಅನ್ನುವುದೇ ಗೊತ್ತಿಲ್ಲ.

ಒಂದು ತಿಂಗಳು ಕಳೆದಿಲ್ಲ, 2023ರ ಜನವರಿಯಲ್ಲಿ ಲೈಸೆನ್ಸ್ ಗಲಾಟೆ. 2000ದಿಂದ ಒಂದು ಮುಕ್ತ ಲೈಸೆನ್ಸ್ ಇತ್ತು, ಯಾರು ಬೇಕಾದರೂ ಈ ನಿಯಮಗಳ ಮೇಲೆ ತಮ್ಮ ಕಥೆ ಬರೆದು ಮಾರಬಹುದಿತ್ತು. ಅದನ್ನು ತೆಗೆದು ಹೊಸದು ತರುವ ಕರಡು ಸೋರಿಕೆಯಾಯಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮೀರಿದ ವ್ಯಾಪಾರದ ಮೇಲೆ ಶೇ 25ರವರೆಗೆ ಪಾಲು ಕೇಳಿದ್ದರು. ಲಾಭದ ಮೇಲಲ್ಲ, ಬಂದ ದುಡ್ಡಿನ ಮೇಲೆ. ಜನ ಏನು ಮಾಡಿದರು ಗೊತ್ತಾ, ಡಿ ಅಂಡ್ ಡಿ ಬಿಯಾಂಡ್ ಚಂದಾ ರದ್ದು ಮಾಡಿದರು. ಸಾಲು ಸಾಲಾಗಿ ಮಾಡಿದರು. ಕೊನೆಗೆ ಜನವರಿ 27ಕ್ಕೆ ಕಂಪನಿ ಹಿಂದೆ ಸರಿಯಿತು, ಹಳೇ ಲೈಸೆನ್ಸ್ ಉಳಿಯಿತು, ಮೂಲ ನಿಯಮಗಳ ಒಂದು ಭಾಗವನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೂ ಬಿಟ್ಟುಕೊಟ್ಟರು. ಅದನ್ನಂತೂ ಇನ್ನು ವಾಪಸ್ ಕಿತ್ತುಕೊಳ್ಳುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ನನಗೆ ನಿಜವಾಗಿ ಹೆಮ್ಮೆಯಾಗಿದ್ದು ಆ ವಾರ. ಯಾರೂ ದಯಪಾಲಿಸಿದ್ದಲ್ಲ ಅದು, ಜನ ಜೇಬು ಮುಚ್ಚಿ ಪಡೆದಿದ್ದು.

ಅಷ್ಟಾದ ಮೇಲೆ ಬುದ್ಧಿ ಬಂತಾ? 2024ರ ಏಪ್ರಿಲ್‌ನಲ್ಲಿ ಬಿಡಿ ಮಾರಾಟ ನಿಲ್ಲಿಸಿದರು. ಮೊದಲು ಇಡೀ ಪುಸ್ತಕ ಬೇಡ, ಅದರಲ್ಲಿ ನನ್ನ ಪಾತ್ರಕ್ಕೆ ಬೇಕಾದ ಒಂದು ಭಾಗ ಸಾಕು ಅಂದರೆ ಒಂದೆರಡು ಡಾಲರಿಗೆ ಸಿಗುತ್ತಿತ್ತು. ಡಾಲರಿನಲ್ಲಿ ಸಂಬಳ ಬಾರದ ನಮ್ಮಂಥ ಊರಿನ ಆಟಗಾರರಿಗೆ ಅದೆಷ್ಟು ದೊಡ್ಡ ಅನುಕೂಲ ಅಂತ ಅಲ್ಲಿ ಕೂತವರಿಗೆ ಅಂದಾಜೇ ಇಲ್ಲ ಅನ್ನಿಸುತ್ತದೆ. ಅರ್ಧ ಕೆಜಿ ಟೊಮೆಟೊ ಕೇಳಿದರೆ ಇಡೀ ಕ್ರೇಟ್ ತಗೋ, ಇಲ್ಲಾ ಹೋಗು ಅಂದ ಹಾಗೆ.

ನಾಲ್ಕೇ ತಿಂಗಳಿಗೆ ಇನ್ನೊಂದು. ಆ ವರ್ಷ ನಿಯಮಗಳ ಹೊಸ ಆವೃತ್ತಿ ಬರುವುದಿತ್ತು. ಬರುವಾಗ ಕ್ಯಾರೆಕ್ಟರ್ ಶೀಟಿನಲ್ಲಿದ್ದ ಹಳೇ ಮಂತ್ರಗಳ ಜಾಗದಲ್ಲಿ, ಮಾಯಾ ವಸ್ತುಗಳ ಜಾಗದಲ್ಲಿ ಹೊಸವು ಬಂದು ಕೂರುತ್ತವೆ ಅಂದರು. ಹಳೇದೇ ಬೇಕಾ, ಹೋಮ್‌ಬ್ರೂ, ಅಂದರೆ ಸ್ವಂತದ್ದು, ಅಂತ ನೀವೇ ಬರೆದುಕೊಳ್ಳಿ ಅಂದರು. ಯೋಚನೆ ಮಾಡಿ. ದುಡ್ಡು ಕೊಟ್ಟು ಕೊಂಡ ಮಂತ್ರ, ವರ್ಷಗಟ್ಟಲೆ ಆಡಿದ ಪಾತ್ರ, ಆಟ ಅರ್ಧದಲ್ಲಿದೆ, ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಅದು ಬೇರೆ ಆಗಿರುತ್ತೆ, ಬೇಕಿದ್ದರೆ ಟೈಪ್ ಮಾಡಿಕೋ. ಜನ ಮತ್ತೆ ಬೊಬ್ಬೆ ಹೊಡೆದರು. ಕೆಲವೇ ದಿನಕ್ಕೆ ಕಂಪನಿ ಮತ್ತೆ ಹಿಂದೆ ಸರಿಯಿತು. ಪ್ರತಿ ಸಲವೂ ಬೊಬ್ಬೆ ಹೊಡೆದೇ ನಮ್ಮ ವಸ್ತುವನ್ನು ನಾವು ಉಳಿಸಿಕೊಳ್ಳಬೇಕಾ? ನಮ್ಮ ಮನೆ ಕಪಾಟಿನ ಪುಸ್ತಕಕ್ಕೆ ಯಾರಾದರೂ ಹೀಗೆ ಕಾವಲು ಕೂರುತ್ತಾರಾ?

"ಕಂಪನಿ ಅಂದ ಮೇಲೆ ಲಾಭ ಬೇಡ್ವಾ" ಅಂತ ನಮ್ಮ ಹುಬ್ಬಳ್ಳಿಯವನೇ ಹೇಳುತ್ತಾನೆ. ಬೇಕು. ಬೇಡ ಅಂದವರು ಯಾರು? ಪಾತ್‌ಫೈಂಡರ್ ಅನ್ನುವ ಇಂಥದ್ದೇ ಆಟ ಮಾಡುವ ಪೈಜೋ ಕೂಡ ಕಂಪನಿಯೇ. ಅವರು ಪುಸ್ತಕದ ಪಿಡಿಎಫ್ ಮಾರುತ್ತಾರೆ, ಕೊಂಡ ಮೇಲೆ ಫೈಲ್ ನಮ್ಮ ಹಾರ್ಡ್‌ಡಿಸ್ಕಿನಲ್ಲಿ. ನಿಯಮಗಳನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅವರೇನು ಅಂಗಡಿ ಮುಚ್ಚಿದ್ದಾರಾ? ವಿಜರ್ಡ್ಸ್‌ನವರು 2009ರಲ್ಲಿ ಕಳ್ಳ ಪ್ರತಿ ಹೆಚ್ಚಾಗಿದೆ ಅಂತ ಹೇಳಿ ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿದ್ದರು. ಕೆಲವು ವರ್ಷದ ಮೇಲೆ ಹಳೇ ಪುಸ್ತಕಗಳದ್ದು ಮತ್ತೆ ಬಂತು, ಆದರೆ ಈಗ ಎಲ್ಲರೂ ಆಡುವ ಐದನೇ ಆವೃತ್ತಿಯ ಮುಖ್ಯ ಪುಸ್ತಕಗಳ ಪಿಡಿಎಫ್ ಬರಲೇ ಇಲ್ಲ. ಯಾಕೆ ಅಂತ ಯೋಚಿಸಿದರೆ ಉತ್ತರ ಅಷ್ಟೇನೂ ದೂರ ಇಲ್ಲ. ಫೈಲ್ ಕೊಟ್ಟರೆ ಬೀಗದ ಕೈಯನ್ನೂ ಕೊಟ್ಟ ಹಾಗೆ.

ಇನ್ನು ಕೆಲವರು ಕಾಗದದಲ್ಲೇ ಆಡಿ, ಸುಮ್ನೆ ಯಾಕೆ ಗೋಳು ಅನ್ನುತ್ತಾರೆ. ಐದು ಜನ ಒಂದೇ ಊರಿನಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆವು. ಹೊಟ್ಟೆಪಾಡಿಗೆ ಊರು ಬಿಟ್ಟವರು ನಾವು. ನ್ಯೂಜೆರ್ಸಿಯ ಗೆಳತಿ ವಾರವಿಡೀ ಮನೆಯವರ ಹೊರತು ಯಾರ ಹತ್ತಿರವೂ ಕನ್ನಡ ಮಾತಾಡುವುದಿಲ್ಲವಂತೆ. ಶನಿವಾರ ಅವಳ ಕುಳ್ಳಿ ಯೋಧೆ ಬಾಗಿಲು ಒದ್ದು "ಯಾರ್ಲೇ ಅದು" ಅಂತ ಕೂಗುವಾಗ ಆ ಧ್ವನಿ ಕೇಳಬೇಕು ನೀವು. ಆ ಮೂರು ಗಂಟೆಗೆ ಈ ತಂತ್ರಾಂಶ ಬೇಕು. ಅದಕ್ಕೆ ದುಡ್ಡು ಕೊಡಲು ನನಗೆ ಯಾವತ್ತೂ ಬೇಜಾರಿಲ್ಲ. ಕೊಟ್ಟ ಮೇಲೆ ನನ್ನದು ನನ್ನ ಹತ್ತಿರ ಇರಬೇಕು, ಮಾಲೀಕರು ಬದಲಾದರೆ ನಾನು ಬರೆದಿದ್ದು ಬರೆದ ಹಾಗೇ ನನ್ನ ಕೈಗೆ ಬರಬೇಕು, ಪದರ ಪದರವಾಗಿ. ಇಷ್ಟು ಕೇಳುವುದು ಜಾಸ್ತಿ ಆಯ್ತಾ?

ಆ ಚಿಕ್ಕ ಸೈಟಿನವರಿಗೆ ಎರಡು ಸಲ ಬರೆದೆ. ಮೂಲ ಫೈಲ್ ಕೊಡಿ, ಬೇರೆ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ತೆರೆದುಕೊಳ್ಳುತ್ತೇನೆ ಅಂತ. ಎರಡು ಸಲವೂ ಒಂದೇ ಉತ್ತರ, ಒಂದಕ್ಷರ ಆಚೆ ಈಚೆ ಇಲ್ಲ, ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ. ನಾನು ಕೊಟ್ಟಿದ್ದು ಅನಿಸಿಕೆ ಅಲ್ಲ. ನನ್ನ ವಸ್ತು ಕೇಳಿದ್ದೆ.

ನಿನ್ನೆ ಅಕ್ಕನ ಮಗಳು ಮನೆಗೆ ಬಂದಿದ್ದಳು. ಸ್ಟೇಷನರಿ ಅಂಗಡಿಯಿಂದ ಡ್ರಾಯಿಂಗ್ ಶೀಟ್ ತಂದು ಇಬ್ಬರೂ ಊಟದ ಮೇಜಿನ ಮೇಲೆ ಹರಡಿದೆವು. ಕೆರೆ ಅವಳು ಬರೆದಳು, ಏರಿ ಮತ್ತು ತೂಬು ನಾನು. ಗುಪ್ತ ಬಾಗಿಲಿಗೆ ಏನು ಮಾಡೋಣ ಮಾಮ ಅಂದಳು. ಅದರ ಮೇಲೆ ಸಣ್ಣ ಚೀಟಿ ಕತ್ತರಿಸಿ ಒಂದು ಅಂಚಿಗೆ ಮಾತ್ರ ಗೋಂದು ಹಚ್ಚಿ ಅಂಟಿಸಿದೆವು, ಹುಡುಕಿದಾಗ ಎತ್ತಿ ತೋರಿಸಬಹುದು. ಶನಿವಾರ ಕ್ಯಾಮೆರಾವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರಾಯಿತು. ರಾತ್ರಿ ಹನ್ನೊಂದರವರೆಗೆ ಕೂತು ಎರಡು ಮ್ಯಾಪ್ ಮುಗಿಸಿದೆವು. ಸೈಟು ಮುಚ್ಚಲು ಇನ್ನು 24 ದಿನ ಇದೆ. 39 ಮ್ಯಾಪ್ ಬಾಕಿ.