ಬೇಸಿಗೆ ರಜೆಗೆ ನಾಯಿಮರಿ ತರಬ್ಯಾಡ್ರಿ

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಬೇಡಿಕೆ: "ಹುಡುಗರಿಗೆ ಸೂಟಿ ಐತ್ರಿ, ಮರಿ ಇದ್ರ ಹೇಳ್ರಿ. ಗಂಡಿದ್ರ ಚಲೋ." ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅದೇ ಗ್ರೂಪಿನಲ್ಲಿ, "ನಾಯಿ ಯಾರಿಗರ ಬೇಕೇನ್ರಿ, ರೊಕ್ಕ ಏನು ಬ್ಯಾಡ." ನಾಯಿ ಸಾಕಬೇಡಿ ಅನ್ನುವುದು ನನ್ನ ಮಾತಲ್ಲ. ತರುವ ತಿಂಗಳು ತಪ್ಪು ಅನ್ನುತ್ತೇನೆ.

ಬೀದಿನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲದ ಕೊನೆಗೆ. ಗಬ್ಬದ ಅವಧಿ ಸುಮಾರು 63 ದಿನ. ಹಾಗಾಗಿ ಓಣಿಗಳಲ್ಲಿ ಮರಿಗಳು ಕಾಣಿಸುವುದು ದೀಪಾವಳಿಯ ಆಸುಪಾಸಿನಲ್ಲಿ. ನವೆಂಬರ್ ನಡುವೆ ಹುಟ್ಟಿದ ಮರಿಗೆ ಸಂಕ್ರಾಂತಿಗೆ 8 ವಾರ ತುಂಬಿರುತ್ತದೆ, ತಾಯಿಯಿಂದ ಬಿಡಿಸಲು ಅದೇ ಸರಿಯಾದ ವಯಸ್ಸು. ನಾಲ್ಕೈದು ವಾರಕ್ಕೇ ಎತ್ತಿಕೊಂಡು ಬಂದರೆ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಅಣ್ಣತಮ್ಮಂದಿರ ಜೊತೆ ಆಡಿ ಕಲಿತಿರುವುದಿಲ್ಲ. ಆಮೇಲೆ ನಿಮ್ಮ ಮಗುವಿನ ಕೈ ಮೇಲೆ ಕಲಿಯುತ್ತದೆ.

ಸಂಕ್ರಾಂತಿಗೆ ತಂದರೆ ಲೆಕ್ಕ ಹೀಗೆ ಕೂಡುತ್ತದೆ. ತಂದ ವಾರವೇ ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳು ಸೇರಿದ ಮೊದಲ ಲಸಿಕೆ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, 16 ವಾರ ತುಂಬುವವರೆಗೆ. "ಒಂದು ಹಾಕ್ಸೀವಲ್ಲ, ಸಾಕು" ಅನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ತಾಯಿ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮೊದಮೊದಲು ಲಸಿಕೆಯನ್ನೇ ತಡೆದುಬಿಡುತ್ತದೆ. ಅದು ಯಾವ ವಾರ ಇಳಿಯುತ್ತದೆಂದು ಗೊತ್ತಾಗದ ಕಾರಣಕ್ಕೇ ಮರುಡೋಸು. ಶಿವರಾತ್ರಿಯ ಹೊತ್ತಿಗೆ 3 ತಿಂಗಳಾಗುತ್ತದೆ, ಆಗ ರೇಬಿಸ್ ಲಸಿಕೆ. ಜಂತಿನ ಔಷಧಿ 3 ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ. ಯುಗಾದಿ ಬಿಸಿಲು ಏರುವಷ್ಟರಲ್ಲಿ ಮರಿ ಗಟ್ಟಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ತಂದದ್ದು ಎರಡು ಡೋಸಿನ ನಡುವೆ ನಿಂತು 42 ಡಿಗ್ರಿ ಎದುರಿಸಬೇಕು.

ಮನೆಯಲ್ಲಿ ಹಿಂದೆ ಮರಿಯೊಂದು ರಕ್ತಭೇದಿಯಾಗಿ ಸತ್ತಿದ್ದರೆ ಇನ್ನೂ ಎಚ್ಚರ ಬೇಕು. ಅದು ಪಾರ್ವೊ ಇದ್ದಿರಬಹುದು, ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್‌ಗೆ ಅದು ಸಾಯುವುದಿಲ್ಲ. ನೆಲ ತೊಳೆದು, ಬ್ಲೀಚ್ ಒಂದು ಪಾಲಿಗೆ ನೀರು 30 ಪಾಲು ಸೇರಿಸಿ ಹತ್ತು ನಿಮಿಷ ನೆನೆಯಲು ಬಿಡಬೇಕು.

ಇನ್ನು ನಮ್ಮ ಬಿಸಿಲು. ನಾಯಿ ಮೈತುಂಬ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು. ಮಾಳಿಗೆ ಮೇಲೆ ತಗಡಿನ ಗೂಡು ಕಟ್ಟಿ "ನೆರಳೈತಲ್ರಿ" ಅನ್ನುವವರು ಮಧ್ಯಾಹ್ನ ಎರಡಕ್ಕೆ ಒಮ್ಮೆ ಅದರೊಳಗೆ ಕೈಯಿಟ್ಟು ನೋಡಲಿ. ಹೊರಗೆ ಕರೆದೊಯ್ಯುವ ಮುಂಚೆ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳೆಣಿಸುವವರೆಗೆ ಇಡಿ. ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಜೊಲ್ಲು ಅಂಟಂಟಾಗಿ, ಒಸಡು ಕಡುಕೆಂಪಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ಆಟೊ ಹುಡುಕುವ ಮೊದಲು ಮೈತುಂಬ ನೀರು ಸುರಿದು ಫ್ಯಾನ್ ಹಾಕಬೇಕು. ಆದರೆ ಸಿಂಟೆಕ್ಸ್ ನೀರು ಬೇಡ, ಮೇ ತಿಂಗಳಲ್ಲಿ ಅದು ಕಾದ ನೀರೇ. ಸಂಪಿನದೋ ಗಡಿಗೆಯದೋ ತನ್ನಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಹಸ್ಕಿ ತರುವವರಿಗೆ ಏನು ಹೇಳುವುದು? ಹಿಮದ ನಾಡಿನ ತುಪ್ಪಳ ಹೊತ್ತ ಜೀವವನ್ನು ರಾಯಚೂರಿಗೆ ತಂದು ದಿನವಿಡೀ ಎಸಿಯಲ್ಲಿ ಕೂಡಿಹಾಕುವುದು ಶೋಕಿ ಅಷ್ಟೇ.

ಬಿಸಿಲಿಗಿಂತ ಹೆಚ್ಚು ಕಾಡುವುದು ರಕ್ತ ಹೀರುವ ಉಣ್ಣೆ ಹುಳ. ದಿನ ಬೆಳಿಗ್ಗೆ ಐದು ನಿಮಿಷ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ಕಾಲರ್ ಕೆಳಗೆ ಬೆರಳಾಡಿಸಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಉಗುರಿನಲ್ಲಿ ಒರೆಯಬೇಡಿ. ರಕ್ತ ಕುಡಿದು ಔಡಲ ಬೀಜದಷ್ಟು ಊದಿದ ಹೆಣ್ಣು ಉದುರಿ, ಗೋಡೆ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಈ ಜಾತಿಯ ಉಣ್ಣೆಗೆ ಮೇಲೆ ಹತ್ತುವ ಚಟ. ಪರಶಿ ಕಲ್ಲಿನ ಸಂದಿಯಷ್ಟೇ ಅಲ್ಲ, ಬಾಗಿಲ ಚೌಕಟ್ಟು, ಗೋಡೆಯ ಫೋಟೊ ಹಿಂದೆಯೂ ನೋಡಬೇಕು. ನಾಯಿಗೆ ಮಾತ್ರ ಔಷಧಿ ಮಾಡಿ ಮನೆ ಬಿಟ್ಟರೆ ಮೂರು ವಾರಕ್ಕೆ ಮತ್ತೆ ಅದೇ ಕಥೆ.

ದನದ ಉಣ್ಣೆಗೆ ಹಾಕುವ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಬಳಿಯುವುದು ನಮ್ಮ ಕಡೆ ಮಾಮೂಲು. ನಾಯಿ ಮೈ ನೆಕ್ಕುತ್ತದೆ, ನಡುಗುತ್ತಾ ಜೊಲ್ಲು ಸುರಿಸುತ್ತಾ ಬೀಳುತ್ತದೆ. ಉಣ್ಣೆ ಕೊಲ್ಲುವ ಫ್ಲುರಲನರ್ ಎಂಬ ಔಷಧಿ ಇರುವ ಗುಳಿಗೆ ಒಂದು 12 ವಾರ ಕಾಯುತ್ತದೆ. ತೂಕಕ್ಕೆ ತಕ್ಕದ್ದನ್ನು ಡಾಕ್ಟರನ್ನು ಕೇಳಿ ಊಟದ ಜೊತೆ ಕೊಡಿ, ಫಿಟ್ಸ್ ಬರುವ ನಾಯಿಯಾಗಿದ್ದರೆ ಮೊದಲೇ ಹೇಳಿ. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ಕಂಡರೆ ಅದು ಉಣ್ಣೆ ಜ್ವರ ಇರಬಹುದು, ಪ್ಲೇಟ್ಲೆಟ್ ನೋಡಿಸಿ. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ನಾಲ್ಕನೇ ದಿನಕ್ಕೆ ನಾಯಿ ಎದ್ದು ಆಡುತ್ತದೆ, ಮನೆಯವರು ಗುಳಿಗೆ ನಿಲ್ಲಿಸುತ್ತಾರೆ, ಜ್ವರ ತಿರುಗಿ ಬರುತ್ತದೆ.

ಊಟಕ್ಕೆ ಅನ್ನ ಅಥವಾ ಮೆತ್ತಗಿನ ಜೋಳದ ರೊಟ್ಟಿಗೆ ಮೊಟ್ಟೆ, ಎಲುಬು ತೆಗೆದ ಬೇಯಿಸಿದ ಕೋಳಿ ಕಲಸಿದರೆ ನಡೆಯುತ್ತದೆ. ಹಾಲು, ಬಿಸ್ಕೀಟಿನ ಮೇಲೆ ಬೆಳೆಸಬೇಡಿ. ಒಗ್ಗರಣಿ-ಮಿರ್ಚಿ ತಿನ್ನುವಾಗ ಕಾಲ ಬಳಿ ಕೂತದ್ದಕ್ಕೆ ಒಂದು ತುತ್ತು ಎಸೆಯುತ್ತೀರಲ್ಲ, ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ. ನಾಯಿಯ ಕೆಂಪು ರಕ್ತಕಣಗಳನ್ನು ಅದು ಒಡೆಯುತ್ತದೆ. ಬಳ್ಳೊಳ್ಳಿಯೂ ಅಷ್ಟೇ. ದ್ರಾಕ್ಷಿಯಿಂದ ಕಿಡ್ನಿ ಹೋಗಬಹುದು.

ಮರಿ ಆಟಕ್ಕೆ ಕಚ್ಚಿ ಗೀರಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಇದಕ್ಕೆ ಸುಣ್ಣ, ಖಾರದಪುಡಿ ಬೇಡವೇ ಬೇಡ.

ಇಷ್ಟು ತ್ರಾಸು ಯಾಕೆ ಅಂದರೆ, ಮಧ್ಯಾಹ್ನ ಗಡಿಗೆ ಕೆಳಗೆ ನೀರು ತೊಟ್ಟಿಕ್ಕಿದ ಜಾಗ ಹುಡುಕಿ, ಎರಡು ಸಲ ಕೆರೆದು, ಹೊಟ್ಟೆ ಕೆಳಗೆ ಮಾಡಿ ನಾಲ್ಕೂ ಕಾಲು ಚಾಚಿ ಅದು ಬೀಳುವುದನ್ನು ನೋಡಬೇಕು. ನಿಮ್ಮ ಗಾಡಿ ಸಪ್ಪಳ ಓಣಿ ತಿರುವಿನಲ್ಲಿ ಕೇಳಿದ ಕೂಡಲೇ ಆ ಒಂದು ಕಿವಿ ಮಾತ್ರ ಎದ್ದು ನಿಲ್ಲುತ್ತದೆ. ಕರೆಂಟು ಹೋದ ರಾತ್ರಿ ಮಾಳಿಗೆ ಮೇಲೆ ಹಾಸಿಗೆಯ ಕಾಲ್ದೆಸೆಯಲ್ಲಿ ಬೆನ್ನು ತಾಗಿಸಿ ಮಲಗುತ್ತದೆ.

ಕೊನೆಗೆ ಆ "ಗಂಡಿದ್ರ ಚಲೋ" ಮಾತು. ಹೆಣ್ಣು ಮರಿಗಳೇ ಬೀದಿಯಲ್ಲಿ ಉಳಿಯುವುದು ಇದರಿಂದ. 6 ತಿಂಗಳ ಸುಮಾರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಹತ್ತು ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿದರೆ ಮುಗಿಯಿತು, ಮುಂದೆ ಮರಿಯ ಚಿಂತೆ ಇಲ್ಲ. ಸಂಕ್ರಾಂತಿಗೆ ಮರಿ ನೋಡಲು ಹೋದಾಗ ಗುಂಪಿನಲ್ಲಿ ಯಾರೂ ಕೇಳದೆ ಉಳಿದ ಹೆಣ್ಣನ್ನು ಮೊದಲು ಎತ್ತಿ ನೋಡಿ.