ಚಿಂತೆ ಡಿಫೆನ್ಸ್‌ನದಲ್ಲ, ಗೋಲಿನದು
ಮುಂದಿನ ಐಎಸ್‌ಎಲ್‌ ಫುಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡಕ್ಕೆ ಡಿಫೆನ್ಸೇ ದೊಡ್ಡ ಚಿಂತೆ ಎಂದು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ, ಛೆಟ್ರಿ ಬಿಟ್ಟರೆ ಗೋಲು ಹೊಡೆಯುವವರು ಯಾರು ಅನ್ನುವುದೇ ನನ್ನ ಚಿಂತೆ. 2024-25ರಲ್ಲಿ ಸುನಿಲ್ ಛೆಟ್ರಿ 40ನೇ ವಯಸ್ಸಿನಲ್ಲಿ 14 ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಇಂಜುರಿ ಟೈಮ್‌ನಲ್ಲಿ ಅವರ ಹೆಡರ್ ಒಳಗೆ ಹೋಯಿತಲ್ಲ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿಯೂ ಎದ್ದು ನಿಂತುಬಿಟ್ಟರು! ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 2-1ರಿಂದ ಸೋತಾಗ ನನಗೆ ಊಟವೇ ಸೇರಲಿಲ್ಲ. ಆದರೆ ಎಲ್ಲ ಭಾರವನ್ನೂ ಒಬ್ಬರ ಮೇಲೆ ಎಷ್ಟು ದಿನ ಹಾಕುವುದು? ಹೊಸ ಹುಡುಗರಿಗೆ ಕೊನೆಯ ಹತ್ತು ನಿಮಿಷ ಸುಮ್ನೆ ಕೊಟ್ಟರೆ ಸಾಲದು, ಶುರುವಿನಿಂದಲೇ ಆಡಿಸಬೇಕು ಅಲ್ವಾ? ಮಳೆಗಾಲದ ಕೆಸರಲ್ಲೇ ಚೆಂಡು ಒದೆಯುವ ಹುಡುಗರು ಮಲೆನಾಡಿನಲ್ಲೂ ಜಾಸ್ತಿ ಇದ್ದಾರೆ. ನಮ್ಮ ಕಡೆಯವನೊಬ್ಬ ಆ ನೀಲಿ ಜರ್ಸಿ ಹಾಕುವುದನ್ನು ನೋಡುವ ಆಸೆ ನನಗೆ. ಈ ಸಲ ಮೊದಲ ಮ್ಯಾಚ್‌ಗೆ ರಾತ್ರಿ ಬಸ್ ಹತ್ತಿ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಬಂದೇ ಬರುತ್ತೇನೆ.