ಬಾನೆಟ್ ಎಷ್ಟು ಎತ್ತರ ಅಂತ ಯಾರೂ ಕೇಳುವುದಿಲ್ಲ

ಕಾರು ಕೊಳ್ಳುವಾಗ ಏರ್‌ಬ್ಯಾಗ್ ಎಷ್ಟು, ಸುರಕ್ಷತಾ ಪರೀಕ್ಷೆಯಲ್ಲಿ ಸ್ಟಾರ್ ಎಷ್ಟು ಅಂತ ವಿಚಾರಿಸುತ್ತೇವೆ. ಅದೆಲ್ಲ ಬಹುಪಾಲು ಒಳಗೆ ಕೂತವರ ಲೆಕ್ಕ. ಇದೇ ಕಾರು ರಸ್ತೆ ದಾಟುವವರಿಗೆ ಗುದ್ದಿದರೆ ಏನು ಗತಿ? ಈ ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇದೆ.

ತಗ್ಗಾದ, ಇಳಿಜಾರು ಮೂತಿಯ ಕಾರಾದರೆ ಬಂಪರ್ ಮೊದಲು ತಾಗುವುದು ಮೊಣಕಾಲಿನ ಆಸುಪಾಸಿಗೆ. ಕಾಲು ಮುರಿಯಬಹುದು. ಆದರೆ ಮೈ ಬಾನೆಟ್ ಮೇಲೆ ಉರುಳುತ್ತದೆ, ಪೆಟ್ಟು ಒಂದಿಷ್ಟು ಹಂಚಿಹೋಗುತ್ತದೆ. ಮೂತಿ ಗೋಡೆಯ ಹಾಗೆ ಎತ್ತರಕ್ಕೆ, ನೆಟ್ಟಗೆ ಇದ್ದರೆ ಏಟು ನೇರ ಸೊಂಟಕ್ಕೆ, ಎದೆಗೆ. ಮೇಲೆ ಉರುಳುವ ಮಾತೇ ಇಲ್ಲ. ಮನುಷ್ಯ ಮುಂದಕ್ಕೆ ನೆಲಕ್ಕೆ ಬೀಳುತ್ತಾನೆ, ಹಿಂದೆಯೇ ಚಕ್ರ ಬರುತ್ತದೆ. ಇನ್ನು ಆರು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂಟಿಮೀಟರ್. ಒಂದು ಮೀಟರ್ ಎತ್ತರದ ಬಾನೆಟ್ ಅದರ ಗದ್ದದ ಹತ್ತಿರ ಬರುತ್ತದೆ. ಅದಕ್ಕಿಂತ ಚಿಕ್ಕ ಮಗು ಬಂಪರಿಗೆ ಒತ್ತಿ ನಿಂತಿದ್ದರೆ ಡ್ರೈವರಿಗೆ ಕಾಣುವುದೂ ಇಲ್ಲ.

ವಿಮಾ ಕಂಪನಿಗಳ ಹಣದಲ್ಲಿ ರಸ್ತೆ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಕೊಟ್ಟಿತು. ಬಾನೆಟ್ 30 ಇಂಚಿನ ಒಳಗಿದ್ದು ಮೂತಿ ಇಳಿಜಾರಾಗಿರುವ ಕಾರುಗಳಿಗಿಂತ, 40 ಇಂಚು ದಾಟಿದ ಗಾಡಿಗಳು ಗುದ್ದಿದಾಗ ಪಾದಚಾರಿ ಸಾಯುವ ಸಾಧ್ಯತೆ ಸುಮಾರು ಶೇ. 45ರಷ್ಟು ಜಾಸ್ತಿ.

ದೊಡ್ಡ ಗಾಡಿ, ತೂಕ ಜಾಸ್ತಿ, ಅದಕ್ಕೇ ಹೀಗೆ ಅನ್ನುವವರಿದ್ದಾರೆ. 60 ಕೆಜಿ ಮನುಷ್ಯನಿಗೆ ಗುದ್ದಿದರೆ ಒಂದು ಟನ್ನಿನ ಕಾರೂ ಎರಡು ಟನ್ನಿನ ಕಾರೂ ಕಳೆದುಕೊಳ್ಳುವ ವೇಗ ತೀರಾ ಕಡಿಮೆ, ಅವನಿಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಒಂದೇ. ಹಾಗಾಗಿ ಅವನ ಪಾಲಿಗೆ ತೂಕಕ್ಕಿಂತ ಆಕಾರವೇ ಮುಖ್ಯ, ವೇಗವಂತೂ ಇದ್ದೇ ಇದೆ.

ದಾರಿ ಇಲ್ಲದೆ ಏನಿಲ್ಲ. ಬಾನೆಟ್ ತಗಡಿಗೂ ಕೆಳಗಿನ ಎಂಜಿನ್ನಿಗೂ ನಡುವೆ ಕೆಲವು ಸೆಂಟಿಮೀಟರ್ ಜಾಗ ಬಿಟ್ಟರೆ ತಲೆ ಬಡಿದಾಗ ತಗಡು ಬಾಗಿ ಪೆಟ್ಟು ತಡೆದುಕೊಳ್ಳುತ್ತದೆ. ಜಾಗ ಸಾಲದ ಕೆಲವು ಕಾರುಗಳಲ್ಲಿ ಗುದ್ದಿದ ಕೂಡಲೇ ಬಾನೆಟ್ಟಿನ ಹಿಂಭಾಗ ತಾನೇ ಮೇಲೇಳುವ ವ್ಯವಸ್ಥೆ ಇಡುತ್ತಾರೆ. ವೋಲ್ವೊ 2012ರಲ್ಲೇ ವಿ40 ಕಾರಿನ ಹೊರಗಡೆ ಪಾದಚಾರಿಗಾಗಿ ಏರ್‌ಬ್ಯಾಗ್ ಕೊಟ್ಟಿತ್ತು. ಹೊಸ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ 1997ರಿಂದ ಕೃತಕ ಕಾಲು, ತಲೆಗಳನ್ನು ಕಾರಿನ ಮುಂಭಾಗಕ್ಕೆ ಬಡಿಸಿ ಪರೀಕ್ಷಿಸುತ್ತಿದೆ. ಪಾದಚಾರಿ ಸುರಕ್ಷತೆಗೆ ಬೇರೆಯೇ ಅಂಕ ಇದೆ. ಆ ಅಂಕವನ್ನು ಜಾಹೀರಾತಿನಲ್ಲಿ ಯಾವತ್ತಾದರೂ ನೋಡಿದ್ದೀರಾ?

ಊರೊಳಗೆ ಓಡಾಡುವ ಗಾಡಿಗೆ ಅಷ್ಟೆತ್ತರದ ಮೂತಿ ಯಾಕೆ ಬೇಕು? ಸುಮ್ನೆ ‘ರೋಡ್ ಪ್ರೆಸೆನ್ಸ್’ಗೆ, ಅಲ್ವಾ? ಎದುರಿಗಿರುವವರು ಹೆದರಬೇಕು ಅನ್ನುವ ಈ ವಿನ್ಯಾಸ ನನಗೆ ಸಿಟ್ಟು ತರಿಸುತ್ತದೆ. ಕೊಳ್ಳುವವರ ಆಯ್ಕೆಗೆ ಬಿಟ್ಟರೆ ಇದು ಸರಿಹೋಗುವುದಿಲ್ಲ, ಏಕೆಂದರೆ ಪೆಟ್ಟು ತಿನ್ನುವವರು ಆ ಕಾರು ಕೊಂಡವರಲ್ಲ. ಬಾನೆಟ್ಟಿನ ಎತ್ತರಕ್ಕೆ ಕಾನೂನೇ ಮಿತಿ ಹಾಕಬೇಕು. ಪಾದಚಾರಿ ಅಂಕವನ್ನು ಬೆಲೆ, ಮೈಲೇಜಿನ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಬೇಕು.